ನಡುಮನೆಗೆ ಬಂದ ಪಾತ್ರ

ನಾಟಕ ನೋಡಬೇಕಾದರೆ ನಾವು ರಂಗಮಂದಿರಕ್ಕೆ ಹೋಗಬೇಕು; ಟೆಲಿವಿಷನ್ ನಾಟಕವಾದರೋ ತಾನೇ ನಮ್ಮ ನಡುಮನೆಗೆ ಬರುತ್ತದೆ. ಹಿರಿಯರು, ಮಕ್ಕಳು, ಬಂದ ನೆಂಟರು ಎಲ್ಲರೂ ಒಟ್ಟಿಗೆ ಕುಳಿತು ನೋಡುವ ಈ ನಾಟಕದಲ್ಲಿ ಎಂತಹ ಪಾತ್ರಕ್ಕೆ ಎಡೆಯುಂಟು ಎಂಬ ಪ್ರಶ್ನೆ ಹುಟ್ಟಿದ್ದು ಇದರಿಂದಲೇ. ಗಂಡಸನ್ನು ಪ್ರೀತಿಸುವ ಗಂಡಸಿನ ಪಾತ್ರವು ಬ್ರಿಟನ್ನಿನ ಟೆಲಿವಿಷನ್ನಿನಲ್ಲಿ ನಡೆದುಬಂದ ದಾರಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

1959ರ ನವೆಂಬರ್ 24ರಂದು ಗ್ರನಾಡ ಸಂಸ್ಥೆಯು ‘ಸೌತ್’ ಎಂಬ ನಾಟಕವನ್ನು ಪ್ರಸಾರ ಮಾಡಿತು. ಮೂಲವನ್ನು ಫ್ರೆಂಚ್ ಭಾಷೆಯಲ್ಲಿ ರಚಿಸಿದವರು ಜೂಲಿಯೆನ್ ಗ್ರೀನ್. ಅಮೆರಿಕದ ಅಂತರ್ಯುದ್ಧ ಇನ್ನೇನು ಹೊತ್ತಿಕೊಳ್ಳುವ ಕಾಲ. ಪೋಲೆಂಡ್ ಮೂಲದ ಸೇನಾಧಿಕಾರಿಯೊಬ್ಬ ದಕ್ಷಿಣ ಪ್ರಾಂತದ ಒಂದು ಮನೆಯಲ್ಲಿ ತರುಣನೊಬ್ಬನನ್ನು ಕಂಡು ಮನಸೋಲುತ್ತಾನೆ. ಆದರೆ ಅದನ್ನು ಬಾಯಿಬಿಟ್ಟು ಹೇಳಲಾರ. ಕೊನೆಗೆ ಆ ತರುಣನನ್ನೇ ದ್ವಂದ್ವಯುದ್ಧಕ್ಕೆ ಕೆಣಕಿ ಪ್ರಾಣ ಬಿಡುತ್ತಾನೆ. ಈ ಪಾತ್ರವನ್ನು ವಹಿಸಿದ ನಟ ಪೀಟರ್ ವಿನ್‌ಗಾರ್ಡ್. ಇಂಥದನ್ನು ತನ್ನ ಮನೆಯ ನಡುಕೋಣೆಯಲ್ಲಿ, ಅದೂ ಅಷ್ಟು ಹತ್ತಿರದಿಂದ ನೋಡಬೇಕಾಯಿತಲ್ಲ ಎಂದು ಪತ್ರಿಕಾ ವಿಮರ್ಶಕರೊಬ್ಬರು ಸಿಡಿಮಿಡಿಗೊಂಡರು.

ಆ ಪಾತ್ರದ ಮೌನಕ್ಕೆ ಹೊರಗೂ ಅರ್ಥವಿತ್ತು. ಆಗ ಆ ದೇಶದಲ್ಲಿ ಗಂಡಸರ ಸಲಿಂಗ ಸಂಬಂಧವು ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ವಯಸ್ಕರು ಒಪ್ಪಿ ಖಾಸಗಿಯಾಗಿ ನಡೆಸುವ ಬಾಳನ್ನು ಅಪರಾಧವೆನ್ನಬಾರದೆಂದು ವುಲ್ಫೆಂಡನ್ ಸಮಿತಿಯು 1957ರಲ್ಲಿಯೇ ಸಲಹೆಯಿತ್ತಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಕಾನೂನು ಬದಲಾದದ್ದು 1967ರಲ್ಲಿ. ಅದೂ 21 ವರ್ಷ ತುಂಬಿದವರಿಗೆ ಮಾತ್ರ.

ಮುಂದೆ ಪಾತ್ರಕ್ಕೆ ಬಾಯಿ ಬಂದಿತು. 1975ರ ಡಿಸೆಂಬರಿನಲ್ಲಿ ಥೇಮ್ಸ್ ಟೆಲಿವಿಷನ್ ಸಂಸ್ಥೆಯು ಕ್ವೆಂಟಿನ್ ಕ್ರಿಸ್ಪ್ ಅವರ ಆತ್ಮಕಥೆಯನ್ನು ತೆರೆಗೆ ತಂದಿತು. ತುಟಿಗೆ ಬಣ್ಣ ಹಚ್ಚಿ ಲಂಡನ್ನಿನ ಬೀದಿಗಳಲ್ಲಿ ನಡೆದು, ಏಟು ತಿಂದರೂ ತನ್ನತನವನ್ನು ಬಚ್ಚಿಡದ ವ್ಯಕ್ತಿಯಾಗಿ ಜಾನ್ ಹರ್ಟ್ ಅಭಿನಯಿಸಿದರು. ಇಲ್ಲಿ ನಾಯಕ ಸಾಯಲಿಲ್ಲ. ನಗುನಗುತ್ತ ತನ್ನ ಕಥೆಯನ್ನು ತಾನೇ ಹೇಳಿದ.

ಆದರೂ ಅವನು ಅಸಾಮಾನ್ಯ ವ್ಯಕ್ತಿಯೇ. ನೆರೆಮನೆಯವನಂತಹ ಪಾತ್ರ ಬಂದದ್ದು 1986ರಲ್ಲಿ, ಬಿ.ಬಿ.ಸಿ.ಯ ‘ಈಸ್ಟ್‌ಎಂಡರ್ಸ್’ ಧಾರಾವಾಹಿಯಲ್ಲಿ. ಮೈಕೆಲ್ ಕ್ಯಾಶ್‌ಮನ್ ಅಭಿನಯಿಸಿದ ಕಾಲಿನ್ ಎಂಬಾತನಿಗೆ ಉದ್ಯೋಗವಿತ್ತು, ಸ್ನೇಹಿತರಿದ್ದರು, ನೆರೆಹೊರೆಯ ತಕರಾರುಗಳೂ ಇದ್ದುವು. 1987ರಲ್ಲಿ ಅವನು ತನ್ನ ಸಂಗಾತಿಯ ಹಣೆಗೆ ಮುತ್ತಿಟ್ಟದ್ದಕ್ಕೇ ಪತ್ರಿಕೆಗಳು ಕೋಲಾಹಲವೆಬ್ಬಿಸಿದುವು. ಮರುವರ್ಷವೇ ಸ್ಥಳೀಯ ಸಂಸ್ಥೆಗಳು ಸಲಿಂಗಪ್ರೇಮಕ್ಕೆ ಪ್ರೋತ್ಸಾಹ ಕೊಡಕೂಡದೆಂಬ ಕಾನೂನು ಬಂದಿತು. ಇಂಗ್ಲೆಂಡಿನಲ್ಲಿ ಅದು 2003ರವರೆಗೂ ಉಳಿಯಿತು. ದಾರಿ ನೇರವಾಗಿರಲಿಲ್ಲ.

ನಮಗೂ ಈ ಕಥೆಗೂ ನಂಟಿದೆ. ಬ್ರಿಟಿಷರ ಆಳ್ವಿಕೆಯಲ್ಲಿ 1860ರಲ್ಲಿ ಬಂದ ಭಾರತೀಯ ದಂಡಸಂಹಿತೆಯ 377ನೆಯ ಕಲಮು ಇಲ್ಲಿಯೂ ಇಂತಹ ಬಾಳನ್ನು ಅಪರಾಧವೆಂದಿತು. ವಯಸ್ಕರ ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟು ಅದರಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು.

1959ರ ಆ ವಿಮರ್ಶಕರು ಒಂದನ್ನು ಮರೆತಿದ್ದರು. ಅವರು ನಡುಮನೆಗೆ ಬರಬಾರದೆಂದ ವ್ಯಕ್ತಿ ಆಗಲೇ ಎಷ್ಟೋ ನಡುಮನೆಗಳಲ್ಲಿ, ತಂದೆತಾಯಿಗಳ ಪಕ್ಕದಲ್ಲಿ, ತನ್ನ ಗುಟ್ಟನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಅದೇ ನಾಟಕವನ್ನು ನೋಡುತ್ತ ಕುಳಿತಿದ್ದನಲ್ಲವೆ?