ದುಡಿಯುವ ನಡಕ್ಕೂ ಸಾಮು ಬೇಕು

ಸೊಂಟದ ಐದು ಕಶೇರುಕಗಳ ಎರಡೂ ಮಗ್ಗುಲಿಗೆ ಹಬ್ಬಿರುವ ಸ್ನಾಯುಗಳು ಬಾಗಿದ ಮೈಯನ್ನು ಮೇಲೆತ್ತುತ್ತವೆ. ದಣಿದ ಮಾತ್ರಕ್ಕೆ ಸ್ನಾಯು ಬಲಿಯುವುದಿಲ್ಲ. ಅದಕ್ಕೆ ಎದುರು ಭಾರ ಬೇಕು, ಭಾರ ಹಂತಹಂತವಾಗಿ ಏರಬೇಕು, ನಡುವೆ ವಿಶ್ರಾಂತಿಯೂ ಸಿಗಬೇಕು. ಪ್ರತಿರೋಧ ವ್ಯಾಯಾಮ ಎಂದರೆ ಇಷ್ಟೇ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗೆ ಇದು ಹೊಸದೇನಲ್ಲ. ಗರಡಿಮನೆಯ ದಂಡ, ಬೈಠಕ್, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಚೀಲ ಎತ್ತುವ ಪಂದ್ಯ ಇಲ್ಲಿಯವರಿಗೆ ಚಿರಪರಿಚಿತ. ಗುಂಡುಕಲ್ಲಿಗೆ ಹಿಡಿಕೆಯಿಲ್ಲ. ಪೈಲ್ವಾನ ಕಾಲಗಲಿಸಿ ಕುಕ್ಕರಿಸಿ, ಕಲ್ಲನ್ನು ತಬ್ಬಿ ತೊಡೆಗೇರಿಸಿಕೊಳ್ಳುತ್ತಾನೆ; ಎದೆಗೊತ್ತಿಕೊಂಡು ಎದ್ದುನಿಂತು ಹೆಗಲ ಮೇಲಿಂದ ಹಿಂದಕ್ಕೆ ಒಗೆಯುತ್ತಾನೆ. ಕಲ್ಲು ಮೈಗೆ ಹತ್ತಿರವಿದ್ದಷ್ಟೂ ಸೊಂಟದ ಮೇಲಿನ ಹೊರೆ ತಗ್ಗುತ್ತದೆ. ಆದರೆ ಈ ವಿದ್ಯೆ ಬಹುಮಟ್ಟಿಗೆ ಗಂಡಸರ ಪಾಲಿಗೇ ಉಳಿಯಿತು.

ಹೊಲದಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮ ಯಾಕೆ ಎಂಬ ಮಾತು ಊರೂರಲ್ಲಿದೆ. ಅದು ತಪ್ಪು. ಉದುರಿದ ನಿಂಬೆ ಆರಿಸುವಾಗ, ಬಿಳಿಜೋಳ ಕಟಾವು ಮಾಡುವಾಗ ಮೈ ಪೂರ್ತಿ ಬಾಗಿತೆಂದರೆ ಬೆನ್ನಿನ ಸ್ನಾಯುಗಳು ಹೆಚ್ಚುಕಡಿಮೆ ಸುಮ್ಮನಾಗುತ್ತವೆ. ಹೊರೆ ಅಸ್ಥಿರಜ್ಜು ಮತ್ತು ಡಿಸ್ಕ್‌ಗಳ ಮೇಲೆ ಬೀಳುತ್ತದೆ. ಫ್ಲಾಯ್ಡ್ ಮತ್ತು ಸಿಲ್ವರ್ ಎಂಬ ಸಂಶೋಧಕರು ಸ್ನಾಯುಗಳ ವಿದ್ಯುತ್ ಸಂಕೇತ ಅಳೆದು 1950ರ ದಶಕದಲ್ಲೇ ಇದನ್ನು ತೋರಿಸಿದ್ದರು. ಹಾಗಾಗಿ ತಾಸುಗಟ್ಟಲೆ ಬಗ್ಗಿ ದುಡಿಯುವ ಹೆಣ್ಣುಮಗಳ ನಡ ನೋಯುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟನೋವಿತ್ತು; ಅವರಲ್ಲಿ ಹೆಂಗಸರೇ ಹೆಚ್ಚು.

ಸ್ನಾಯುವಿನ ಗಾತ್ರ ದೊಡ್ಡದಿರುವುದರಿಂದ ಗಂಡಸರು ಸಾಮಾನ್ಯವಾಗಿ ಹೆಚ್ಚು ಭಾರ ಎತ್ತುತ್ತಾರೆ. ಬೋರಲು ಮಲಗಿ, ಕಾಲು ಕಟ್ಟಿಸಿಕೊಂಡು, ಸೊಂಟದಿಂದ ಮೇಲಿನ ಮೈಯನ್ನು ಗಾಳಿಯಲ್ಲಿ ನೇರ ಹಿಡಿಯುವ ಸೊರೆನ್ಸನ್ ಪರೀಕ್ಷೆಯಲ್ಲಿ ಮಾತ್ರ ಹೆಂಗಸರೇ ಹೆಚ್ಚು ಹೊತ್ತು ತಾಳುತ್ತಾರೆ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ತಂಡ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರೂ ಹೆಂಗಸರೂ 12 ವಾರ ಸೊಂಟದ ವ್ಯಾಯಾಮ ಮಾಡಿದರು. ವಾರಕ್ಕೊಮ್ಮೆ ಮಾಡಿದವರ ಬಲ ಮೂರು ಸಲ ಮಾಡಿದವರಿಗೆ ಸರಿಸಾಟಿಯಾಗಿ ಹೆಚ್ಚಿತು. ಅಲ್ಲಿ ವ್ಯಾಯಾಮದ ಯಂತ್ರ ಸೊಂಟದೆಲುಬನ್ನು ಕದಲದಂತೆ ಹಿಡಿದಿತ್ತು. ಹಾಗೆ ಹಿಡಿಯದಿದ್ದರೆ ಪಿರ್ರೆ, ತೊಡೆಗಳೇ ಹೆಚ್ಚಿನ ಕೆಲಸ ಮಾಡಿಬಿಡುತ್ತವೆ.

ಯಂತ್ರವಿಲ್ಲದೆಯೂ ಶುರುಮಾಡಬಹುದು. ಬೋರಲು ಮಲಗಿ ಎದೆಯನ್ನು ನಿಧಾನ ಎತ್ತಿ ಇಳಿಸುವುದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವುದು, ಹಗುರವಾದ ಉಸುಕಿನ ಚೀಲವನ್ನು ಎದೆಗಪ್ಪಿ ಕೂತೇಳುವುದು: ವಾರಕ್ಕೆರಡು ದಿನ, ಸಲಕ್ಕೆ ಎಂಟರಿಂದ ಹನ್ನೆರಡರಷ್ಟು ಸಾಕು. ಸಲೀಸಾದ ಮೇಲೆ ಉಸುಕು ಹೆಚ್ಚಿಸಬೇಕು. ಕಾಲು ಜೋಮು ಹಿಡಿದರೆ, ಮೂತ್ರದ ಹತೋಟಿ ತಪ್ಪಿದರೆ ವ್ಯಾಯಾಮ ನಿಲ್ಲಿಸಿ, ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು.