ಅಗಸೆ ಎಣ್ಣೆಯಲ್ಲಿ ಮೂಡುವ ಕರಡಿ

ನವಲಿಯ ದಕ್ಷಿಣಕ್ಕೆ, ಗಂಗಾವತಿ ಬಳಿಯ ಹಿರೇಬೆಣಕಲ್ ಬೆಟ್ಟದ ಬಂಡೆಗಳಲ್ಲಿ ಪ್ರಾಗೈತಿಹಾಸಿಕ ಮಾನವರು ಕೆಮ್ಮಣ್ಣಿನಿಂದ ಬರೆದ ಪ್ರಾಣಿಗಳು ಇಂದಿಗೂ ಕಾಣಸಿಗುತ್ತವೆ. ಆ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಯುರೋಪಿನ ಹಳೆಯ ತೈಲಚಿತ್ರಕಾರರೂ ಇಂಥ ಮಣ್ಣಿನ ಬಣ್ಣಗಳನ್ನೇ ಬಳಸಿದರು. ಆದರೆ ಅವನ್ನು ಅರೆದದ್ದು ಅಗಸೆ ಎಣ್ಣೆಯಲ್ಲಿ. ಉತ್ತರ ಕರ್ನಾಟಕದ ಊಟದಲ್ಲಿ ಚಟ್ನಿಪುಡಿಯಾಗಿ ಬರುವ ಅದೇ ಅಗಸೆ!

ಈ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಆದ್ದರಿಂದಲೇ ಶಾಸ್ತ್ರೀಯ ಪದ್ಧತಿಯಲ್ಲಿ ಕೆಳಪದರಕ್ಕೆ ಎಣ್ಣೆ ಕಡಿಮೆ, ಮೇಲಿನ ಪದರಗಳಿಗೆ ಹೆಚ್ಚು. ಈ ಕ್ರಮ ತಪ್ಪಿದರೆ ಮೇಲ್ಪದರ ಮೊದಲೇ ಬಿಗಿದುಕೊಳ್ಳುತ್ತದೆ, ಅಡಿಯದು ಇನ್ನೂ ಅಲುಗುತ್ತಿರುತ್ತದೆ, ಚಿತ್ರ ಬಿರುಕು ಬಿಡುತ್ತದೆ. ಅವಸರದವರು ಎಡವುವುದು ಇಲ್ಲೇ.

ತುಂಗಭದ್ರೆಯ ಆಚೆ, 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ಕರಡಿಯನ್ನೇ ಚಿತ್ರಿಸುವುದಾದರೆ, ಮೊದಲು ಕಂದು ಬಣ್ಣವೊಂದರಲ್ಲೇ ನೆರಳು-ಬೆಳಕು ಮೂಡಿಸಿ ಒಣಗಲು ಬಿಡಬೇಕು. ಬಳಿಕ ಕಡುಗಂದು, ನೀಲಿ ಬೆರೆಸಿದ ತೆಳುವಾದ ಪಾರದರ್ಶಕ ಪದರಗಳು. ಟ್ಯೂಬಿನ ಕಪ್ಪನ್ನು ನೇರವಾಗಿ ಬಳಿದರೆ ಕರಡಿಯ ಜಾಗದಲ್ಲಿ ಕ್ಯಾನ್ವಾಸಿಗೆ ತೂತು ಬಿದ್ದಂತೆ ಕಂಡೀತು. ರೋಮಗಳನ್ನು ಎಳೆಯುವುದು ಕೊನೆಗೆ, ಅದೂ ಬೆಳಕು ಬಿದ್ದ ಅಂಚಿನಲ್ಲಿ ಮಾತ್ರ. ಎದೆಯ ಮಾಸಲು ಬಿಳಿ ಪಟ್ಟಿಗೆ ದಪ್ಪ ಬಣ್ಣ ಸಲ್ಲುತ್ತದೆ.

ಮುಗಿದ ಚಿತ್ರವನ್ನು ಕತ್ತಲ ಕೋಣೆಯಲ್ಲಿಡುವುದು ತರವಲ್ಲ. ಬೆಳಕಿಲ್ಲದಿದ್ದರೆ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ. ವಾರ್ನಿಷ್ ಬಳಿಯಲು 6 ತಿಂಗಳಿಂದ ಒಂದು ವರ್ಷದವರೆಗೆ ಕಾಯುವುದು ರೂಢಿ.