ಕಾಲುಚೀಲದಿಂದ ಪಾಠ ಶುರು ಮಾಡಿದ ಮೇಷ್ಟ್ರು

ತಂಡ ಸೋಲತೊಡಗಿದರೆ ಮೊದಲು ಬದಲಾಗುವವರು ತರಬೇತುದಾರರು. ಮಗನ ಅಂಕ ಇಳಿದರೆ ಮೊದಲು ಬದಲಾಗುವವರು ಟ್ಯೂಷನ್ ಮೇಷ್ಟ್ರು. ಎರಡೂ ಕಡೆ ಬದಲಾವಣೆ ಕೆಲವೊಮ್ಮೆ ಫಲ ಕೊಡುತ್ತದೆ, ಅನೇಕ ಸಲ ಕೊಡುವುದಿಲ್ಲ. ಹಾಗಾದರೆ ಫಲ ಕೊಟ್ಟಾಗ ನಿಜವಾಗಿ ಬದಲಾದದ್ದೇನು? ಬರೀ ಮನುಷ್ಯನೋ, ಕಲಿಸುವ ಬಗೆಯೋ? ಈ ಪ್ರಶ್ನೆಗೆ ಅಮೆರಿಕದ ಒಂದು ಕಾಲೇಜು ಬಾಸ್ಕೆಟ್‌ಬಾಲ್ ತಂಡದ ಕತೆಯಲ್ಲಿ ಉತ್ತರವಿದೆ.

ಲಾಸ್ ಏಂಜಲಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಎಲ್ಲರೂ ಚುಟುಕಾಗಿ ಯುಸಿಎಲ್‌ಎ ಎನ್ನುತ್ತಾರೆ. 1947-48ರ ಋತುವಿನಲ್ಲಿ ಅದರ ಬಾಸ್ಕೆಟ್‌ಬಾಲ್ ತಂಡ 12 ಪಂದ್ಯ ಗೆದ್ದು 13 ಸೋತಿತ್ತು. 1948ರಲ್ಲಿ ಜಾನ್ ವುಡನ್ ಎಂಬ ಹೊಸ ತರಬೇತುದಾರರು ಬಂದರು. ಬಂದದ್ದೂ ಒಂದು ಆಕಸ್ಮಿಕವೇ. ಅವರ ಮನಸ್ಸಿದ್ದದ್ದು ಮಿನೆಸೋಟ ವಿಶ್ವವಿದ್ಯಾಲಯದ ಮೇಲೆ. ಅಲ್ಲಿಂದ ಬರಬೇಕಿದ್ದ ದೂರವಾಣಿ ಕರೆ ಹಿಮಪಾತದಿಂದಾಗಿ ತಡವಾಯಿತು. ಅಷ್ಟರಲ್ಲಿ ಅವರು ಯುಸಿಎಲ್‌ಎಗೆ ಮಾತು ಕೊಟ್ಟಾಗಿತ್ತು. ಕೊಟ್ಟ ಮಾತನ್ನು ತಪ್ಪಲಿಲ್ಲ.

ತಂಡ ತನ್ನ ವಿಭಾಗದಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಬೀಳುತ್ತದೆಂದು ಬಲ್ಲವರು ಭವಿಷ್ಯ ನುಡಿದಿದ್ದರು. ಮೊದಲ ದಿನದ ಅಭ್ಯಾಸ ನೋಡಿದ ವುಡನ್ ಅವರಿಗೂ ಎದೆ ಕುಸಿದಿತ್ತು. ಆದರೆ ಋತು ಮುಗಿದಾಗ ಲೆಕ್ಕ ಹೀಗಿತ್ತು: ಗೆಲುವು 22, ಸೋಲು 7, ವಿಭಾಗದಲ್ಲಿ ಮೊದಲ ಸ್ಥಾನ. ಮರುವರ್ಷ ಗೆಲುವು 24ಕ್ಕೆ ಏರಿತು.

ಇದಕ್ಕೆ ವುಡನ್ ಬಳಿ ಮಂತ್ರದಂಡವೇನೂ ಇರಲಿಲ್ಲ. ಅವರು ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಪಾಠ ಹೇಳಿದ ಮೇಷ್ಟ್ರು. ಕೆಂಟಕಿ ರಾಜ್ಯದ ಡೇಟನ್ ಊರಿನ ಶಾಲೆಯಲ್ಲಿ ತರಬೇತುದಾರರಾಗಿ ಅವರು ಕಳೆದ ಮೊದಲ ವರ್ಷ, ಅವರ ತಂಡ 6 ಪಂದ್ಯ ಗೆದ್ದು 11 ಸೋತಿತ್ತು. ಎಂದರೆ ಅವರೂ ಕಲಿತೇ ಕಲಿಸಿದವರು.

ಹುಣ್ಣಿನ ವಿಜ್ಞಾನ

ಯುಸಿಎಲ್‌ಎಯಲ್ಲಿ ಅವರ ಮೊದಲ ಪಾಠ ಚೆಂಡನ್ನು ಬುಟ್ಟಿಗೆ ಹಾಕುವುದಲ್ಲ, ಕಾಲುಚೀಲ ಹಾಕುವುದು! ದೇಶದ ಮೂಲೆಮೂಲೆಗಳಿಂದ ಬಂದ ಆರೂವರೆ ಅಡಿಯ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹಿಮ್ಮಡಿ ಮತ್ತು ಕಿರುಬೆರಳಿನ ಬಳಿ ಒಂದು ಸುಕ್ಕೂ ಇರದಂತೆ ಕಾಲುಚೀಲವನ್ನು ಸವರಿ ಎಳೆಯುವುದು, ಸರಿಯಾದ ಅಳತೆಯ ಬೂಟು ಹಾಕಿ ದಾರವನ್ನು ಪ್ರತಿ ರಂಧ್ರದಲ್ಲೂ ಬಿಗಿಯುವುದು, ಇಷ್ಟೇ ಪಾಠ.

ವಿಜ್ಞಾನದ ಮೇಷ್ಟ್ರಾದ ನನಗೆ ಇದು ತಮಾಷೆ ಅನ್ನಿಸಲಿಲ್ಲ. ಬಾಸ್ಕೆಟ್‌ಬಾಲ್‌ನಲ್ಲಿ ಆಟಗಾರ ಓಡುತ್ತಾನೆ, ತಟ್ಟನೆ ನಿಲ್ಲುತ್ತಾನೆ, ತಿರುಗುತ್ತಾನೆ. ಪ್ರತಿ ಸಲವೂ ಬೂಟು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಒಳಗಿನ ಪಾದ ಮುಂದಕ್ಕೆ ಜಾರುತ್ತದೆ. ಸುಕ್ಕಿರುವ ಕಡೆ ಒತ್ತಡ ಹೆಚ್ಚು, ಬೆವರಿದ ಚರ್ಮದಲ್ಲಿ ಘರ್ಷಣೆಯೂ ಹೆಚ್ಚು. ಚರ್ಮದ ಪದರಗಳು ಮತ್ತೆ ಮತ್ತೆ ಜಗ್ಗಿ ನಡುವೆ ಬಿರುಕು ಬಿಟ್ಟು, ಅಲ್ಲಿ ನೀರು ತುಂಬಿದರೆ ಅದೇ ಬೊಕ್ಕೆ. ಬೊಕ್ಕೆ ಎದ್ದವನು ಅಭ್ಯಾಸ ತಪ್ಪಿಸುತ್ತಾನೆ, ತಪ್ಪಿಸಿದವನು ಪಂದ್ಯದಲ್ಲಿ ಹಿಂದೆ ಬೀಳುತ್ತಾನೆ. ಸೋಲಿನ ಬೇರು ಕಾಲುಚೀಲದಲ್ಲಿರಬಹುದು ಎಂದು ಕಂಡುಕೊಂಡವರು ವುಡನ್.

ಅವರಿಗೆ ಸಿಕ್ಕ ಅಂಗಣವೂ ಹೇಳಿಕೊಳ್ಳುವಂಥದ್ದಲ್ಲ. ಕುಸ್ತಿಯವರು, ಜಿಮ್ನಾಸ್ಟಿಕ್ಸ್‌ನವರು ಅಭ್ಯಾಸ ಮಾಡುತ್ತಿದ್ದ ಹಳೆಯ ವ್ಯಾಯಾಮಶಾಲೆಯಲ್ಲೇ ಇವರೂ ಆಡಬೇಕಿತ್ತು. ನೆಲದ ಧೂಳನ್ನು ವುಡನ್ ಸ್ವತಃ ಒರೆಸುತ್ತಿದ್ದರು. ದಿನದ ಅಭ್ಯಾಸವನ್ನು ನಿಮಿಷ ನಿಮಿಷದ ಲೆಕ್ಕದಲ್ಲಿ ಪುಟ್ಟ ಕಾರ್ಡಿನ ಮೇಲೆ ಬರೆದುಕೊಂಡು ಬರುತ್ತಿದ್ದರು. ಸಮಯ ಮುಗಿದರೆ ಅಭ್ಯಾಸವೂ ಮುಗಿಯಿತು.

2,326 ಮಾತುಗಳು

1974-75ರಲ್ಲಿ ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಮನೋವಿಜ್ಞಾನಿಗಳು ವುಡನ್ ಅವರ ಅಭ್ಯಾಸದ ಅಂಗಣದಲ್ಲಿ ಕೂತರು. ಸುಮಾರು 30 ಗಂಟೆಗಳಲ್ಲಿ ಅವರು ಕಲಿಸುವಾಗ ಮಾಡಿದ 2,326 ಕ್ರಿಯೆಗಳನ್ನು ಪಟ್ಟಿ ಮಾಡಿದರು. ಹೊಗಳಿಕೆ ಎಷ್ಟಿತ್ತು? ನೂರಕ್ಕೆ ಸುಮಾರು 7. ಬೈಗುಳ? ಅದೂ ಸುಮಾರು ಅಷ್ಟೇ. ಮುಕ್ಕಾಲು ಪಾಲು ಬರೀ ಮಾಹಿತಿ: ಏನು ಮಾಡಬೇಕು, ಹೇಗೆ ಮಾಡಬೇಕು, ಯಾವಾಗ ಮಾಡಬೇಕು. ತಪ್ಪಾದಾಗ ಸರಿಯಾದದ್ದನ್ನು ಮಾಡಿ ತೋರಿಸುವರು, ಹುಡುಗ ಮಾಡಿದ್ದನ್ನು ಅನುಕರಿಸುವರು, ಮತ್ತೆ ಸರಿಯಾದದ್ದನ್ನು ತೋರಿಸುವರು. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಳೆಯುವ ಜಾಡಿಯ ನೀರಿನ ಮಟ್ಟವನ್ನು ಹುಡುಗರು ತಪ್ಪಾಗಿ ಓದಿದಾಗಲೆಲ್ಲ ‘ಸರಿಯಾಗಿ ನೋಡೋ’ ಎಂದು ಗದರುತ್ತಿದ್ದೆ. ಸರಿಯಾಗಿ ಎಂದರೆ ಹೇಗೆ ಎಂದು ಹೇಳುತ್ತಿರಲಿಲ್ಲ. ‘ಕಣ್ಣನ್ನು ಗೆರೆಯ ಮಟ್ಟಕ್ಕೆ ತಾ, ನೀರಿನ ಬಾಗಿದ ಮೇಲ್ಮೈಯ ಕೆಳತುದಿಯನ್ನು ಓದು’ ಎಂದು ಹೇಳಲು ಕಲಿತ ಮೇಲೆ ಗದರುವ ಅಗತ್ಯವೇ ಬೀಳಲಿಲ್ಲ. ಹುಡುಗರು ಅವರೇ. ಬದಲಾದದ್ದು ನನ್ನ ಮಾತು.

ತಮ್ಮನ್ನೇ ತಿದ್ದಿಕೊಂಡವರು

ಇಷ್ಟಾಗಿಯೂ ರಾಷ್ಟ್ರೀಯ ಪ್ರಶಸ್ತಿ ತಕ್ಷಣ ಬರಲಿಲ್ಲ. ಅದಕ್ಕೆ 1964ರವರೆಗೆ, ಅಂದರೆ 16 ಋತುಗಳು ಕಾಯಬೇಕಾಯಿತು. 1959-60ರಲ್ಲಂತೂ 14 ಗೆಲುವಿಗೆ 12 ಸೋಲು. ವುಡನ್ ಹುಡುಗರನ್ನು ದೂರಲಿಲ್ಲ. ತಮ್ಮ ಹಳೆಯ ಟಿಪ್ಪಣಿಗಳನ್ನು ಹರಡಿಕೊಂಡು ಕೂತರು. ಋತುವಿನ ಕೊನೆಗೆ ಮುಖ್ಯ ಪಂದ್ಯಗಳು ಬರುವ ಹೊತ್ತಿಗೆ ಹುಡುಗರು ದಣಿದು ಹೋಗಿರುತ್ತಾರೆ, ಕಾರಣ ತಾವೇ ವಿಪರೀತ ದುಡಿಸುವುದು ಎಂದು ಕಂಡುಕೊಂಡರು. ಅಭ್ಯಾಸದ ಕ್ರಮ ಬದಲಿಸಿದರು. ಸಹಾಯಕ ಜೆರಿ ನಾರ್ಮನ್ ಒತ್ತಾಯಿಸಿದಂತೆ, ಎದುರಾಳಿಯನ್ನು ಅಂಗಣದ ಉದ್ದಕ್ಕೂ ತಡೆದು ಕಾಡುವ ತಂತ್ರವನ್ನು ಅಳವಡಿಸಿಕೊಂಡರು. 1963-64ರ ಆ ತಂಡದ ಮೊದಲ ಐವರಲ್ಲಿ ಯಾರೂ ಆರಡಿ ಐದಂಗುಲ ಮೀರಿರಲಿಲ್ಲ. ಆದರೂ ಆಡಿದ 30 ಪಂದ್ಯಗಳನ್ನೂ ಗೆದ್ದಿತು.

ಆಮೇಲೆ ಕರೀಂ ಅಬ್ದುಲ್ ಜಬ್ಬಾರ್, ಬಿಲ್ ವಾಲ್ಟನ್ ಅವರಂಥ ದೈತ್ಯ ಪ್ರತಿಭೆಗಳು ಬಂದದ್ದೂ ನಿಜ, ಅವರಿಲ್ಲದೆ ಮುಂದಿನ ವಿಜಯಗಳು ಇರುತ್ತಿರಲಿಲ್ಲ. 1975ರಲ್ಲಿ ನಿವೃತ್ತರಾಗುವ ವೇಳೆಗೆ ವುಡನ್ 12 ವರ್ಷಗಳಲ್ಲಿ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದರು. ಆದರೆ 1948ರ ಆ ಸಾಧಾರಣ ತಂಡ ಎದ್ದು ನಿಂತದ್ದು ದೈತ್ಯರಿಂದಲ್ಲ, ಪಾಠದಿಂದ.

ಪೋಷಕರಿಗೊಂದು ಮಾತು

ವುಡನ್ ಅವರ ಚಿಂತನೆ ಹುಟ್ಟಿದ್ದು ಆಟದ ಅಂಗಣದಲ್ಲಲ್ಲ, ತರಗತಿಯಲ್ಲಿ. 1930ರ ದಶಕದಲ್ಲಿ ಅವರು ಇಂಡಿಯಾನದ ಸೌತ್ ಬೆಂಡ್ ಊರಿನ ಹೈಸ್ಕೂಲಿನಲ್ಲಿದ್ದರು. ತಮ್ಮ ಮಗುವಿಗೆ ಎ ಅಥವಾ ಬಿ ಶ್ರೇಣಿಯೇ ಬರಬೇಕೆಂಬ ಪೋಷಕರ ಹಟ ಅವರಿಗೆ ಬೇಸರ ತರಿಸಿತ್ತು. ಸಿ ಶ್ರೇಣಿ ಪಕ್ಕದ ಮನೆಯ ಮಗುವಿಗೆ ಬಂದರೆ ಸರಿಯಂತೆ! ಇದು ನಮ್ಮ ಬೀದಿಯ ಮಾತಿನಂತೆಯೇ ಇದೆಯಲ್ಲವೇ? ಆಗ ಅವರು 1934ರಲ್ಲಿ ಯಶಸ್ಸಿಗೆ ತಮ್ಮದೇ ವ್ಯಾಖ್ಯೆ ಬರೆದುಕೊಂಡರು. ಅದರ ತಿರುಳು ಇಷ್ಟೇ: ನನ್ನ ಕೈಲಾದಷ್ಟನ್ನೂ ಮಾಡಿದ್ದೇನೆ ಎಂದು ಒಳಗೆ ಗೊತ್ತಿದ್ದಾಗ ಸಿಗುವ ನೆಮ್ಮದಿಯೇ ಯಶಸ್ಸು. ಅಂಕಫಲಕ ಏನೇ ಹೇಳಲಿ, ತಾನು ಮಾಡಿದ್ದೆಷ್ಟು ಎಂಬುದು ಹುಡುಗನಿಗೇ ಗೊತ್ತು. 2010ರಲ್ಲಿ 99ರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಆ ವ್ಯಾಖ್ಯೆ ಬಿಡಲಿಲ್ಲ.

ಮಗುವಿನ ಅಂಕಪಟ್ಟಿ ಮನೆಗೆ ಬಂದ ದಿನ ‘ಯಾಕೆ ಕಡಿಮೆ ಬಂತು?’ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ನುಂಗಿಕೊಂಡು ಉತ್ತರ ಪತ್ರಿಕೆ ತರಿಸಿ, ಪಕ್ಕದಲ್ಲಿ ಕೂತು, ‘ಈ ಲೆಕ್ಕ ಎಲ್ಲಿ ತಪ್ಪಿತು, ತೋರಿಸು’ ಎಂದು ಕೇಳಿ ನೋಡಿ. ಸುಕ್ಕು ಎಲ್ಲೋ ಒಂದು ಕಡೆ ಇರುತ್ತದೆ. ಅದು ಸಿಕ್ಕಿದರೆ, ಟ್ಯೂಷನ್ ಮೇಷ್ಟ್ರನ್ನು ಬದಲಾಯಿಸುವ ವಿಚಾರವನ್ನು ಆಮೇಲೆ ನಿಧಾನವಾಗಿ ಮಾಡಬಹುದು.